ಸಿದ್ದಮ್ಮತ್ತೆಯ ಪದದ ಕೊನೆಯ ನುಡಿ

ಸಿದ್ದಮ್ಮತ್ತೆ, ಆ ಸೋಬಾನೆ ಪದದ ಕೊನೆಯ ನುಡಿ ನಿನ್ನ ದನಿಯಲ್ಲ — ನನ್ನದು. ನಾನೇ ಹಾಡಿ, ನಿನ್ನ ಹೆಸರಲ್ಲಿ ಊರಿಗೆಲ್ಲ ಹಂಚಿದೆ. ಮೂರು ವರ್ಷದಿಂದ ಬಾಯಿ ಬಿಟ್ಟಿಲ್ಲ.

ನೀನು ಚಾಮರಾಜನಗರಕ್ಕೆ ಬಂದು, ನಮ್ಮ ಜಗಲಿಯಲ್ಲಿ ಕೂತು, ಬಾಯಲ್ಲಿದ್ದ ಎಲೆಯಡಿಕೆ ಉಗಿದು ನನ್ನ ಮೊಬೈಲಿಗೆ ಹಾಡಿದ್ದೆ. ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು, ಜಾಗವಿಲ್ಲವೆಂದು ಮೊಬೈಲಿನದನ್ನು ಅಳಿಸಿದೆ. ಆಮೇಲೆ ಕೇಳಿ ನೋಡಿದರೆ — ಕೊನೆಯ ನುಡಿ ಬಂದೇ ಇಲ್ಲ! ನಿನ್ನೂರು ಸಂತೇಮರಹಳ್ಳಿಗೆ ಒಂದು ಬಸ್ಸು ಹತ್ತಿದ್ದರೆ ಸಾಕಿತ್ತು. ಹತ್ತಲಿಲ್ಲ. ಚಿಕ್ಕಂದಿನಿಂದ ನಿನ್ನನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದವಳಲ್ಲವೇ ನಾನು, ಅದೇ ದನಿ ತೆಗೆದು ಹಾಡಿಬಿಟ್ಟೆ. ಅದರಲ್ಲೊಂದು ಸಾಲು ಮರೆತಿತ್ತು. ಒಲೆಯ ಮೇಲೆ ಅವರೆಕಾಳು ಬೇಯುತ್ತಿತ್ತು. 'ಅತ್ತೆಮನೆ ಅವರೆಕಾಳು ರುಚಿ ನೋಡವ್ವ' ಎಂದು ಸೇರಿಸಿದೆ. ಈಗಲೂ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ.

ಪದಗಳನ್ನು ಕೂಡಿಡುವ ನಮ್ಮ ಗೆಳತಿಯರ ಗುಂಪಿನ ಹಂಚಿಕೆ ಹೇಗೆಂದು ನಿನಗೆ ಹೇಳಿರಲಿಲ್ಲ. ಹಾಡುಗಳೆಲ್ಲ ಒಂದೇ ಕಡೆ ಇರುವುದಿಲ್ಲ. ನನ್ನ ಕಂಪ್ಯೂಟರಿನಿಂದ ಒಂದು ತುಂಡು, ಗುಂಡ್ಲುಪೇಟೆಯ ಗೆಳತಿಯದರಿಂದ ಇನ್ನೊಂದು — ಹೀಗೆ ಬಂದು ಕೂಡಿಕೊಳ್ಳುತ್ತವೆ. ನಡುವೆ ಯಾರೂ ಕಲಬೆರಕೆ ಮಾಡಬಾರದೆಂದು ಪ್ರತಿ ಹಾಡಿಗೂ, ಅದರ ದನಿಯಿಂದಲೇ ಕಂಪ್ಯೂಟರು ಲೆಕ್ಕಹಾಕಿದ ಒಂದು ಉದ್ದನೆಯ ಸಂಖ್ಯೆ. ಒಂದು ಕೆಮ್ಮು ಸೇರಿದರೂ ಸಂಖ್ಯೆ ತಾಳೆಯಾಗುವುದಿಲ್ಲ. ಆದರೆ ಆ ಸಂಖ್ಯೆ ಹುಟ್ಟುವ ಮೊದಲೇ ಸುಳ್ಳು ಸೇರಿದ್ದರೆ? ಅದಕ್ಕೇ, ಹಾಡಿದವರಿಗೆ ಪೂರ್ತಿ ಕೇಳಿಸಿ, ಅವರು ಹೂಂ ಅಂದ ಮೇಲೆ ಸಂಖ್ಯೆ ಹಾಕಬೇಕೆಂಬ ನಿಯಮ ಮಾಡಿದ್ದೆವು. ಮಾಡಿದವಳು ನಾನೇ! ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಮೊಬೈಲಿನಿಂದ ಪದ ಕಲಿತ ಹುಡುಗಿಯರಿಗೆ ಅವರೆಕಾಳಿನ ಸಾಲೆಂದರೆ ಪ್ರಾಣ. ನೀನಿಲ್ಲದ ಮದುವೆಮನೆಗಳಲ್ಲಿ ಅದು ಬಂದಾಗ ನಾನೂ ಒಳಗೊಳಗೇ ಬೀಗಿದ್ದುಂಟು, ಸುಳ್ಳು ಹೇಳಲಾರೆ.

ಹೋದ ತಿಂಗಳು ನಿನ್ನ ಮೊಮ್ಮಗಳ ಮದುವೆ. ಹೆಣ್ಣು ಕಳಿಸುವ ಹೊತ್ತಿಗೆ ನೀನು ನಿನ್ನ ಸಾಲನ್ನೇ ಎತ್ತಿಕೊಂಡೆ — 'ತವರಿನ ಬಾಗಿಲ ತಿರುಗಿ ನೋಡವ್ವ'. ಹುಡುಗಿಯರು ನಕ್ಕರು. ಒಬ್ಬಳು ಮೊಬೈಲು ಹಿಡಿದು, ಪ್ರೀತಿಯಿಂದಲೇ, ಹೇಳಿದಳು: "ಅಂಗಲ್ಲ ಕಣಜ್ಜಿ, ತಪ್ಪಾಯ್ತದೆ. ನೀನೇ ಏಳಿರದು ಇಲ್ಲಿ ಅದೆ ನೋಡು, ನಂಬರೂ ತಾಳೆ ಆಯ್ತದೆ."

ನೀನು ಮೊಬೈಲಿಗೆ ಕಿವಿಕೊಟ್ಟು ಕೇಳಿದೆ. ನಿನ್ನದೇ ದನಿ ಅಂದುಕೊಂಡೆ. "ಓಗ್ಲಿ ಬುಡಮ್ಮಿ, ನಂಗೇ ಮರ್ತೋಗದೆ. ಇನ್ಮೇಲೆ ನೀವೇ ಏಳ್ಕಳಿ."

ಬಾಯಿಗೆ ಕಡುಬು ತುರುಕಿದಂತೆ ನಾನು ಪಕ್ಕದಲ್ಲೇ ಕೂತಿದ್ದೆ. ಒಂದು ಮಾತು — ಒಂದೇ ಮಾತು ಆಡಿದ್ದರೆ...

ಅವತ್ತಿನಿಂದ ನೀನು ಯಾವ ಮದುವೆಯಲ್ಲೂ ಹಾಡಿಲ್ಲವಂತೆ. ಕರೆಯಲು ಬಂದವರಿಗೆ, ನೆನಪು ನಿಲ್ಲುತ್ತಿಲ್ಲ ಎನ್ನುತ್ತೀಯಂತೆ. ಅತ್ತೆ, ನಿನಗೆ ಏನೂ ಮರೆತಿಲ್ಲ. ಒಂದಕ್ಷರವೂ ಮರೆತಿಲ್ಲ.

ಹಂಚಿದ್ದನ್ನು ವಾಪಸು ಕರೆಯಲು ಬರುವುದಿಲ್ಲ, ಅದು ಎಲ್ಲರ ಮನೆಯಲ್ಲೂ ಇದೆ. ಅದಕ್ಕೇ ಸೋಮವಾರ ಮೊದಲ ಬಸ್ಸಿಗೆ ಬಂದು ಈ ಕಾಗದವನ್ನು ನಿನಗೆ ಓದಿ ಹೇಳುತ್ತೇನೆ. ಬೈಸಿಕೊಳ್ಳಲು ಬರುತ್ತಿದ್ದೇನೆ, ಚೆನ್ನಾಗಿ ಬೈಯಿ. ಆಮೇಲೆ ಹೊಸದಾಗಿ ರೆಕಾರ್ಡ್ ಮಾಡೋಣ. ಮೊದಲು ನನ್ನ ದನಿ, ಅಣಕವಿಲ್ಲದೆ: ಹಳೆಯದರ ಕೊನೆಯ ನುಡಿ ಸುಳ್ಳು, ಸೇರಿಸಿದವಳು ನಾನು. ಅದಾದ ಮೇಲೆ ನಿನ್ನ ಪದ, ನಿನಗೆ ಮನಸ್ಸಿದ್ದರೆ. ಇಲ್ಲದಿದ್ದರೆ ನನ್ನ ಮಾತೊಂದನ್ನೇ ಹಂಚುತ್ತೇನೆ.