ಓದಲು ಬರುವಂತೆ ಒಂದೇ ಗೆರೆ

ಚೆನ್ನೈ ಮಹಾನಗರದಲ್ಲಿ ಮೂವತ್ತೈದು ವರ್ಷ ಸಂಖ್ಯಾಶಾಸ್ತ್ರ ಬೋಧಿಸಿ ಈ ಮೇ ತಿಂಗಳಲ್ಲಿ ನಿವೃತ್ತರಾದ ಪ್ರೊ. ವೆಂಕಟಲಕ್ಷ್ಮಿಯವರು, ಸೂತ್ರಗಳಿಗಿಂತ ಮೊದಲು ನಮಗೆ ಕಿವಿಗೊಡುವುದನ್ನು ಕಲಿಸಿದ ಗುರುಗಳು.

ಚಲಕಗಳ, ಅಂದರೆ ವೇರಿಯಬಲ್‌ಗಳ, ಪಾಠಕ್ಕೆ ಅವರು ತಾಂಬರಂ ಲೋಕಲ್ ರೈಲಿನ ಪ್ರಯಾಣಿಕರನ್ನು ನೆನೆಯಲು ಹೇಳುತ್ತಿದ್ದರು: ತಾಯ್ನುಡಿ ಎಂಬುದು ಗುಣ, ಹೆಸರಿಟ್ಟು ಹೇಳಬೇಕು; ಪಯಣದ ಹೊತ್ತು ಅಳತೆ, ಎಷ್ಟು ಸಣ್ಣದಾಗಿಯಾದರೂ ಸೀಳಬಹುದು; ಮನೆಮಂದಿ ಎಣಿಕೆ, ಅಲ್ಲಿ ಅರ್ಧವೆಂಬುದಿಲ್ಲ. ಸಮೀಕ್ಷೆಯ ಹಾಳೆಗೆ ಅವರದೊಂದು ಕಟ್ಟಳೆಯಿತ್ತು: ರಬ್ಬರ್ ಕೂಡದು. ತಿದ್ದುವುದಿದ್ದರೆ ಹಳೆಯ ಅಂಕಿ ಓದಲು ಬರುವಂತೆ ಒಂದೇ ಗೆರೆ; ಅದೂ ಉತ್ತರ ಕೊಟ್ಟವರೇ ಒಪ್ಪಿ ಸಹಿ ಹಾಕಿದರೆ ಮಾತ್ರ.

ಅದನ್ನು ಮುರಿದವನು ನಾನು. 1998ರಲ್ಲಿ ಮೀನುಗಾರರ ಕೇರಿ ಕಾಸಿಮೇಡಿಗೆ ಮನೆಮನೆ ಸಂದರ್ಶನಕ್ಕೆ ಹೋಗಿದ್ದೆ. ಮೀನಿನ ಹರಾಜು ಮುಗಿಸಿ ಬುಟ್ಟಿ ತೊಳೆಯುತ್ತಿದ್ದ ತಾಯಿಯೊಬ್ಬರು ಮನೆಮಂದಿ "ನಾಲು ಪೇರು, ತಂಬಿ" ಎಂದರು. ಆಕೆಯ ಗಂಡ ಹೋದ ದೋಣಿ ಒಂಬತ್ತು ತಿಂಗಳಿಂದ ಮರಳಿಲ್ಲವೆಂದು ನೆರೆಯವರು ಹೇಳಿದರು. ನಾನು ನಾಲ್ಕನ್ನು ಅಳಿಸಿ ಮೂರು ಮಾಡಿದೆ.

ಮೇಡಂ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಅಳಿಸಿದ್ದೇಕೆಂದು ಕೇಳಿದರು; ದೋಣಿಯ ವಿಷಯ ಹೇಳಿದೆ. "ಏನೋ ರಘುರಾಮ, ಅವಳ ಗಂಡನ್ನ ರಬ್ಬರ್ ಹಾಕಿ ಅಳಿಸಿಬಿಟ್ಯಾ?"

"ಲೆಕ್ಕ ಸರಿ ಮಾಡ್ದೆ, ಮೇಡಂ."

"ಸರಿ ಮಾಡೋಕೆ ನೀನ್ಯಾರಪ್ಪ, ಯಮಧರ್ಮನಾ? ನಡಿ, ನಾನೂ ಬರ್ತೀನಿ."

ಬಿಸಿಲಲ್ಲಿ ಬಂದು, ನನ್ನ ಪರವಾಗಿ ಅವರೇ ಕ್ಷಮೆ ಕೇಳಿದರು. ಆ ತಾಯಿ ನಕ್ಕು, "ಪರವಾಯಿಲ್ಲಮ್ಮ. ನಾಲುನ್ನೇ ಎಳುದುಂಗ" ಎಂದರು. ನಾಲ್ಕೆಂದೇ ಬರೆದೆ. ಕಡಲಿಗೆ ಹೋದವನ ಊಟದೆಲೆ ಎತ್ತಬಾರದೆಂದು ಕುಂದಾಪುರದ ನಮ್ಮಜ್ಜಿ ಕಥೆ ಹೇಳುವಾಗ ಅನ್ನುತ್ತಿದ್ದರು. ಅದು ನನಗೆ ಅರ್ಥವಾದದ್ದು ಆ ಹೊಸ್ತಿಲಲ್ಲಿ.

ಮನೆಗೆ ಹೋದಾಗಲೆಲ್ಲ ನಮಗೆ ಕಾಫಿ ಬೆರೆಸಿಕೊಡುತ್ತಿದ್ದ ಮೇಡಂ ಅವರ ಪತಿ ಬದರಿನಾಥರು ಕಳೆದ ಕಾರ್ತಿಕದಲ್ಲಿ ಹರಿಪಾದ ಸೇರಿದರು. ಮಕ್ಕಳಿಲ್ಲದ ಮನೆ. ಮೇಡಂ ಅವರ ಕೈಬರಹದಲ್ಲೇ ಈ ಅಭಿನಂದನ ಸಂಪುಟದಲ್ಲಿ ಅಚ್ಚಾಗಲೆಂದು ಪರಿಚಯದ ನಮೂನೆ ಒಯ್ದವನೂ ನಾನೇ. "ಮನೆಯಲ್ಲಿರುವವರು" ಎಂಬಲ್ಲಿ ಅವರು 2 ಎಂದು ಬರೆದರು. ಪೆನ್ನು ನಿಂತಿತು. ನಾನು ದೇವರಮನೆಯ ದೀಪವನ್ನೇ ನೋಡುತ್ತ ಕುಳಿತೆ.

"ಹಾಗೇ ಇರ್ಲಿ, ಮೇಡಂ."

"ಕೇಳಿದ್ಮೇಲೆ ನಿಜ ಹೇಳ್ಬೇಕಲ್ಲೋ" ಎಂದರು. ಅಂಕಿಯ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 1 ಎಂದು ಬರೆದು ಸಹಿ ಹಾಕಿದರು.

ಶ್ರೀಹರಿಯು ಅವರಿಗೆ ದೀರ್ಘಾಯುಷ್ಯವನ್ನೂ, ಇನ್ನಷ್ಟು ಮಕ್ಕಳಿಗೆ ಕೇಳುವ ವಿನಯವನ್ನು ಕಲಿಸುವ ಚೈತನ್ಯವನ್ನೂ ಕರುಣಿಸಲಿ. ತಿದ್ದಿದ್ದನ್ನು ತೆಗೆದು ಚೊಕ್ಕ ಮಾಡಲೇ ಎಂದು ಮುದ್ರಕರು ಕೇಳಿದ್ದರು. ಬೇಡವೆಂದೆ. ಮೊದಲ ಪುಟದಲ್ಲಿ, ಗೆರೆಯ ಅಡಿಯ ಆ ಎರಡು ಇನ್ನೂ ಓದಲು ಬರುತ್ತದೆ.