ತಂಗಿ ಹೇಳಿದ ಬಣ್ಣ

ಸಿದ್ದಾಪುರ ಪೇಟೆಯಲ್ಲಿ ನನ್ನ ಅಣ್ಣನ ಹೊಲಿಗೆ ಅಂಗಡಿ ಇತ್ತು. ಅವನ ಕಣ್ಣಿಗೆ ಕೆಂಪು, ಹಸಿರು, ಕಂದು ಎಲ್ಲ ಒಂದೇ ತರಹ. ಬಟ್ಟೆಯನ್ನು ಬೆಳಕಿಗೆ ಹಿಡಿದು, ತಲೆ ಓರೆ ಮಾಡಿ, "ಇದೆಂತ ಬಣ್ಣ ತಂಗಿ?" ಎಂದು ಕೇಳುವನು. ನಾನು ಹೇಳಿದ ಮೇಲೆಯೇ ದಾರ ಪೋಣಿಸುವನು.

"ಬಣ್ಣ ಕಾಣದ ದರ್ಜಿ ಅಂದ್ರೆ ಉಪ್ಪು ತಿಳಿಯದ ಅಡಿಗೆಭಟ್ಟ, ಮಾರಾಯಾ" ಎಂದು ಗಿರಾಕಿಗಳು ಛೇಡಿಸಿದರೆ, "ರುಚಿ ನೋಡೂಕೆ ತಂಗಿ ಇದ್ದಾಳಲ್ರಾ" ಎಂದು ನಗುತ್ತಿದ್ದ.

ಏಕೀಕರಣದ ಮರುವರ್ಷ ಬೇಸಿಗೆಯಲ್ಲಿ, ಒಗೆಯಲು ಹಾಕಿದ್ದ ಅವನ ಬಿಳಿ ಪಂಚೆಯ ಮೇಲೆ ಕಲೆ ಕಂಡೆ.

"ಅಣ್ಣಾ, ಇದು ರಕ್ತ!"

"ಹೌದನೇ? ದೀಪಾವಳಿಯಿಂದ ಮೂತ್ರ ಸ್ವಲ್ಪ ಕಡುವಾಗಿ ಹೋಗ್ತಿತ್ತು. ಉಷ್ಣ ಅಂದ್ಕಂಡು ಮಜ್ಜಿಗೆ ಕುಡೀತಿದ್ದೆ."

ಲೋಕದ ಬಣ್ಣವನ್ನೆಲ್ಲ ನನ್ನಲ್ಲಿ ಕೇಳುತ್ತಿದ್ದವನು ಇದೊಂದನ್ನು ಕೇಳಿರಲಿಲ್ಲ. ತಂಗಿಯನ್ನು ಕರೆದು ತೋರಿಸುವಂಥದ್ದೇ ಅದು?

ಶಿರಸಿಯ ಡಾಕ್ಟರು ನನ್ನನ್ನು ಹೊರಗೆ ಕರೆದರು. "ಮೂತ್ರಕೋಶದಲ್ಲಿ ಗಡ್ಡೆ ಬೆಳೆದುಬಿಟ್ಟಿದೆ, ಕೈಮೀರಿದೆ. ರಕ್ತ ಕಂಡ ಕೂಡಲೇ ಯಾಕೆ ಬರಲಿಲ್ಲ?"

"ಅವನಿಗೆ ಕಾಣಲಿಲ್ಲ" ಎಂದೆ.

ಅವನ ಮಂಚದ ಕೆಳಗೆ ಮೂತ್ರ ಇಳಿಯುವ ನಳಿಗೆ ಸಿಕ್ಕಿಸಿದ ಬಾಟಲಿ ಇರುತ್ತಿತ್ತು. ಮಾತು ಕ್ಷೀಣಿಸಿದ ಮೇಲೂ ಬೆಳಗಾದರೆ ಅಣ್ಣ ತಲೆ ಓರೆ ಮಾಡಿ ಅದನ್ನು ನೋಡುವನು.

"ಇವತ್ತು ಎಂತ ಬಣ್ಣ ತಂಗಿ?"

ಅದು ಕುಂಕುಮ ಕದಡಿದ ನೀರಿನ ಹಾಗಿತ್ತು.

"ಹಳದಿ ಅಣ್ಣಾ. ಬರೇ ಹಳದಿ."

ಅವನು ನಂಬಿದ. ನಾನು ಹೇಳಿದ ಬಣ್ಣವನ್ನು ಅವನು ಯಾವತ್ತೂ ಅನುಮಾನಿಸಿದವನಲ್ಲ.

"ಹಂಗಾರೆ ಚೌತಿ ಹೊತ್ತಿಗೆ ಅಂಗಡಿ ತೆಗೀಬಹುದು" ಎನ್ನುತ್ತ, ಹೊಲಿಯಲು ಅಣಿಮಾಡುವವನಂತೆ ಹೊದಿಕೆಯ ಅಂಚನ್ನು ಮಡಿಸತೊಡಗಿದ.