ದೇವರ ಮನೆಯ ನಾಗರಹಾವು

ದೇವರ ಮನೆಯಲ್ಲಿ ನಾಗರಹಾವು ಹೆಡೆ ಎತ್ತಿತ್ತು. ನಮ್ಮ ಅಪಾರ್ಟ್‌ಮೆಂಟಿನ ಮಾಲೀಕರು ಸೋಫಾದ ಮೇಲೆ ಹತ್ತಿ ನಿಂತಿದ್ದರು. ಗುಂಡ್ಲುಪೇಟೆಯ ಆ ಹನ್ನೆರಡು ಮನೆಗಳಿಗೆ ಬಾಡಿಗೆದಾರರನ್ನು ಹುಡುಕುವ ಮ್ಯಾನೇಜರ್ ನಾನು. ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಕೋಲು, ಚೀಲ ಹಿಡಿದು ಒಬ್ಬರು ಬಂದರು; ನೋಡಿದ ಕೂಡಲೇ ಗುರುತು ಹಿಡಿದೆ.

ಹಿಂದಿನ ವಾರವಷ್ಟೇ ಅವರು ಬಾಡಿಗೆ ಮನೆ ಕೇಳಿಕೊಂಡು ಬಂದಿದ್ದರು. ಊರು ಬೇಗೂರು ಎಂದಾಗ ಮಾಲೀಕರು, "ಬೇಗೂರಲ್ಲಿ ಯಾವ ಬೀದಿ?" ಎಂದಿದ್ದರು. ಜಾತಿ ಕೇಳಲು ನಾಚುವ ದೊಡ್ಡ ಮನುಷ್ಯರು ಬೀದಿ ಕೇಳುತ್ತಾರೆ. ಉತ್ತರ ಬಂದ ಮೇಲೆ, ಮನೆ ಆಗಲೇ ಬೇರೆಯವರಿಗೆ ಕೊಟ್ಟಾಯಿತು ಎಂದು ನನ್ನ ಬಾಯಿಂದಲೇ ಹೇಳಿಸಿದ್ದರು.

ಈಗ ಅದೇ ಮಾಲೀಕರು ಸೋಫಾದ ಮೇಲಿಂದ ಕೈ ಮುಗಿದು, "ಬೂಟ್ ಬಿಚ್ಚೋದೇನೂ ಬ್ಯಾಡಿ, ಸೀದಾ ದೇವ್ರ ಮನೆಗೇ ಓಗಿ ಸ್ವಾಮಿ" ಎನ್ನುತ್ತಿದ್ದರು.

ಅವರು ಹಾವನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಹೊರಡುವಾಗ, ಗೇಟಿನಲ್ಲಿ ತೂಗುತ್ತಿದ್ದ 'ಮನೆ ಬಾಡಿಗೆಗಿದೆ' ಬೋರ್ಡು ನೋಡಿ ನನ್ನನ್ನು ಕೇಳಿದರು: "ಬಂದವ್ರು ಆಗ್ಲೇ ಖಾಲಿ ಮಾಡ್ಬುಟ್ರಾ ಸಾರ್?"

ಅವರು ಹೋದ ಮೇಲೆ ಮಾಲೀಕರು ದೇವರ ಮನೆ ತೊಳೆಸಿದರು. ಹಾವು ಬಂದದ್ದಕ್ಕೋ, ಹಾವು ಹಿಡಿದವರು ಬಂದದ್ದಕ್ಕೋ ಎಂದು ನಾನು ಕೇಳಲಿಲ್ಲ. ಪೈಪು ಹಿಡಿದು ನೀರು ಬಿಟ್ಟವನು ನಾನೇ.